ಡಿಗ್ರಿ ಮುಗಿಸಿ ವರ್ಷಗಳಾದವು, ಈಗ ಹಳೆ ವಿದ್ಯಾರ್ಥಿಗಳ ಸಂಘ ಸೇರೋದು ಹೇಗೆ? (ತುಮಕೂರು)

ಶಿರಾ ಗೇಟ್:
ಎಲ್ಲರಿಗೂ ನಮಸ್ಕಾರ. ನಾನು 2010ರಲ್ಲಿ ತುಮಕೂರಿನಲ್ಲಿ ಬಿ.ಕಾಂ. ಮುಗಿಸಿದವನು. ಕಾಲೇಜು ಖಾಸಗಿ, ಡಿಗ್ರಿ ತುಮಕೂರು ವಿಶ್ವವಿದ್ಯಾನಿಲಯದ್ದು. ಮೊನ್ನೆ ನಮ್ಮ ಬ್ಯಾಚಿನ ವಾಟ್ಸ್‌ಆಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. "ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಆಜೀವ ಸದಸ್ಯರಾಗಿ, ಈ ಕ್ಯೂಆರ್ ಕೋಡ್‌ಗೆ ಹಣ ಹಾಕಿ ಸ್ಕ್ರೀನ್‌ಶಾಟ್ ಕಳಿಸಿ" ಅಂತ. ಯಾರು ಕಳಿಸಿದ್ದು ಅಂತ ಕೇಳಿದರೆ ಎಲ್ಲರೂ "ನನಗೂ ಫಾರ್ವರ್ಡ್ ಬಂದಿದ್ದು" ಅನ್ನುತ್ತಾರೆ. ಅದಕ್ಕೂ ಮೊದಲು ಒಂದು ಗೂಗಲ್ ಫಾರಂ ಕೂಡ ಬಂದಿತ್ತು, ಅದನ್ನು ತುಂಬಿದ್ದೆ. ಹಾಗಾದರೆ ನಾನು ಆಗಲೇ ಸದಸ್ಯನಾ? ಕಾಲೇಜಿನ ಸಂಘ ಬೇರೆ, ವಿಶ್ವವಿದ್ಯಾನಿಲಯದ್ದು ಬೇರೆಯಾ? ಸೇರಿದರೆ ಏನು ಉಪಯೋಗ? ಗೊತ್ತಿರುವವರು ಹೇಳಿ.

ತಟ್ಟೆ ಇಡ್ಲಿ:
ಯಾರದ್ದು ಅಂತ ಗೊತ್ತಿಲ್ಲದ ಕ್ಯೂಆರ್ ಕೋಡ್‌ಗೆ ದುಡ್ಡು ಹಾಕಬೇಡ ಗುರು. ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತೆ ಅಂತ ನೋಡು ಮೊದಲು. ಸಂಘದ ಹೆಸರು ಬಂದರೆ ಮುಂದಿನ ಮಾತು. ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸು.

ಅಮಾನಿಕೆರೆ ದಂಡೆ:
ನಾನು ಇಲ್ಲೇ ಒಂದು ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘದಲ್ಲಿ ಖಜಾಂಚಿಯಾಗಿದ್ದೆ. ಈಗ ಬಿಟ್ಟಿದ್ದೇನೆ, ಹಾಗಾಗಿ ಬಿಚ್ಚಿ ಹೇಳಬಹುದು.

ಗೂಗಲ್ ಫಾರಂ ತುಂಬಿದ ಮಾತ್ರಕ್ಕೆ ನೀವು ಸದಸ್ಯರಲ್ಲ. ಆ ಫಾರಂ ಕಾಲೇಜಿನದ್ದೋ ವಿಶ್ವವಿದ್ಯಾನಿಲಯದ್ದೋ ಆಗಿರುತ್ತದೆ. ಹಳೆ ವಿದ್ಯಾರ್ಥಿಗಳು ಎಲ್ಲಿದ್ದಾರೆ, ಏನು ಕೆಲಸದಲ್ಲಿದ್ದಾರೆ ಅಂತ ಪಟ್ಟಿ ಮಾಡಿಕೊಳ್ಳಲು ಕಳಿಸುತ್ತಾರೆ. ತಪ್ಪೇನಿಲ್ಲ, ತುಂಬಿ. ಆದರೆ ಸಂಘ ಅನ್ನೋದು ಬೇರೆಯೇ ಒಂದು ಸಂಸ್ಥೆ. ಕರ್ನಾಟಕದಲ್ಲಿ ಬಹುತೇಕ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿರುತ್ತವೆ. ಕನಿಷ್ಠ ಏಳು ಜನ ಸೇರಿ, ಬೈಲಾ (ಸಂಘದ ನಿಯಮಾವಳಿ) ಬರೆದು, ಸಹಕಾರ ಇಲಾಖೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಹತ್ತಿರ ನೋಂದಾಯಿಸುತ್ತಾರೆ. ಅದಕ್ಕೆ ಒಂದು ನೋಂದಣಿ ಸಂಖ್ಯೆ ಇರುತ್ತದೆ, ಸಂಘದ ಹೆಸರಿನಲ್ಲೇ ಪಾನ್ ಕಾರ್ಡ್ ಮತ್ತು ಬ್ಯಾಂಕ್ ಖಾತೆ ಇರುತ್ತವೆ. ಚೆಕ್‌ಗೆ ಒಬ್ಬರ ಸಹಿ ಸಾಲದು, ಸಾಮಾನ್ಯವಾಗಿ ಖಜಾಂಚಿ ಜೊತೆ ಅಧ್ಯಕ್ಷರೋ ಕಾರ್ಯದರ್ಶಿಯೋ ಹಾಕಬೇಕು.

ಸದಸ್ಯ ಅಂತ ಆಗೋದು ಯಾವಾಗ ಅಂದರೆ, ನಿಮ್ಮ ಅರ್ಜಿ ಕಾರ್ಯಕಾರಿ ಸಮಿತಿಯಲ್ಲಿ ಒಪ್ಪಿಗೆಯಾಗಿ, ಶುಲ್ಕಕ್ಕೆ ರಸೀದಿ ಬಂದು, ಸದಸ್ಯರ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಕ್ರಮ ಸಂಖ್ಯೆ ಬಿದ್ದಾಗ. ಆ ಸಂಖ್ಯೆ ಇದ್ದವರಿಗೆ ಮಾತ್ರ ಸರ್ವಸದಸ್ಯರ ಸಭೆಯಲ್ಲಿ ವೋಟು. ಉಳಿದವರು ಅತಿಥಿಗಳು, ಅಷ್ಟೇ.

ಹಾಗಾಗಿ ಮೆಸೇಜ್ ಕಳಿಸಿದವರಿಗೆ ಮೂರು ಕೇಳಿ: ನೋಂದಣಿ ಸಂಖ್ಯೆ, ಬೈಲಾದ ಒಂದು ಪ್ರತಿ, ಹೋದ ವರ್ಷದ ಆಡಿಟ್ ವರದಿ. ಸರಿಯಾಗಿ ನಡೆಯುತ್ತಿರುವ ಸಂಘ ಇವನ್ನು ಮುಚ್ಚಿಡುವುದಿಲ್ಲ. ಕೊಡಲು ಮುಖ ತಿರುಗಿಸಿದರೆ ನೋಂದಣಾಧಿಕಾರಿ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ದಾಖಲೆಯ ನಕಲು ತೆಗೆದುಕೊಳ್ಳಬಹುದು. ಸಂಘಗಳು ಪ್ರತಿ ವರ್ಷ ಸರ್ವಸದಸ್ಯರ ಸಭೆ ಆದ ಮೇಲೆ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಅಲ್ಲಿಗೆ ಸಲ್ಲಿಸಲೇಬೇಕು. ಸಲ್ಲಿಸಿಲ್ಲ ಅಂದರೆ ಅದೂ ಒಂದು ಉತ್ತರವೇ.

ಪಾವಗಡ ಬಿಸಿಲು:
ಇಷ್ಟೆಲ್ಲ ಯಾಕೆ ಸರ್? ನಾನು ನೋಡಿದ ಮಟ್ಟಿಗೆ ಈ ಸಂಘಗಳಿಗೆ ನಮ್ಮ ನೆನಪಾಗೋದು ಎರಡೇ ಸಲ. ಒಂದು, ಕಾಲೇಜಿನ ಗುಣಮಟ್ಟ ನೋಡಿ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವಾಗ. ಇನ್ನೊಂದು, ಕಟ್ಟಡಕ್ಕೆ ದುಡ್ಡು ಬೇಕಾದಾಗ. ನಾನು ಓದಿದ ಕಡೆಯಿಂದ ಅಷ್ಟು ವರ್ಷ ಒಂದು ಫೋನ್ ಇಲ್ಲ. ಇದ್ದಕ್ಕಿದ್ದಂತೆ "ಭಾನುವಾರ ಟೈ ಹಾಕಿಕೊಂಡು ಬನ್ನಿ, ತಂಡದವರು ಮಾತಾಡಿಸುತ್ತಾರೆ" ಅಂದರು. ಹೋದೆ. ತಿಂಡಿ ಚೆನ್ನಾಗಿತ್ತು. ಆಮೇಲೆ ಮತ್ತೆ ಸದ್ದಿಲ್ಲ.

ಕ್ಯಾತ್ಸಂದ್ರ ಮೇಡಂ:
ಪಾವಗಡದವರ ಸಿಟ್ಟು ಅರ್ಥವಾಗುತ್ತದೆ. ನಾನು ಪಾಠ ಮಾಡುವವಳು, ಆ ಕಡೆಯ ಕಥೆ ಸ್ವಲ್ಪ ಹೇಳುತ್ತೇನೆ.

ನ್ಯಾಕ್ ಮೌಲ್ಯಮಾಪನದಲ್ಲಿ ಏಳು ಮಾನದಂಡಗಳನ್ನು ಇಟ್ಟುಕೊಂಡು ಬಂದಿದ್ದಾರೆ. ಅದರಲ್ಲಿ ಐದನೆಯದು ವಿದ್ಯಾರ್ಥಿಗಳ ಬೆಂಬಲ ಮತ್ತು ಪ್ರಗತಿ. ಅದರೊಳಗೆ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕ ಉಂಟು. ನೋಂದಾಯಿತ ಸಂಘ ಇದೆಯಾ, ಐದು ವರ್ಷದಲ್ಲಿ ಹಳೆ ವಿದ್ಯಾರ್ಥಿಗಳು ಎಷ್ಟು ಕೊಟ್ಟರು, ಬೇರೆ ಏನು ಸಹಾಯ ಮಾಡಿದರು ಅಂತ ಕೇಳುತ್ತಾರೆ. ತಂಡ ಬಂದಾಗ ಹಳೆ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡುತ್ತಾರೆ. ಹಾಗಾಗಿ ಎಷ್ಟೋ ಕಡೆ ಸಂಘ ಹುಟ್ಟಿದ್ದೇ ಆ ಫೈಲಿಗೋಸ್ಕರ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೆ ಅದೇ ಕಾರಣಕ್ಕೆ ಸಂಘದ ಮಾತಿಗೆ ಈಗ ಕಾಲೇಜಿನಲ್ಲಿ ಒಂದಿಷ್ಟು ತೂಕ ಬಂದಿದೆ. ಪ್ರಾಂಶುಪಾಲರಿಗೆ ನಿಮ್ಮ ಅವಶ್ಯಕತೆ ಇದೆ ಅಲ್ವಾ? ಒಳಗೆ ಬಂದು ಕೆಲಸ ಮಾಡಿಸಿಕೊಳ್ಳಬಹುದು. ಹೊರಗೆ ನಿಂತು ಬೈದರೆ ಸಂಘ ಫೈಲಿನಲ್ಲೇ ಇರುತ್ತದೆ.

ಪಾವಗಡ ಬಿಸಿಲು:
ಮೇಡಂ, ಒಳಗೆ ಬಂದವರಿಗೆ ಮೈಕ್ ಸಿಗುತ್ತಾ ಅನ್ನೋದೇ ಪ್ರಶ್ನೆ.

ಅಮಾನಿಕೆರೆ ದಂಡೆ:
ಸಿಗುತ್ತೆ. ಯಾಕಂದರೆ ಬರುವವರೇ ಇಲ್ಲ! ನಮ್ಮ ಸರ್ವಸದಸ್ಯರ ಸಭೆ ಹೇಗಿರುತ್ತಿತ್ತು ಅಂತ ಹೇಳುತ್ತೇನೆ ಕೇಳಿ.

ಭಾನುವಾರ ಬೆಳಗ್ಗೆ ಹತ್ತೂವರೆಗೆ ಅಂತ ನೋಟಿಸ್. ಹತ್ತೂವರೆಗೆ ಹಾಲ್‌ನಲ್ಲಿ ಇರುತ್ತಿದ್ದದ್ದು ನಾವು ಪದಾಧಿಕಾರಿಗಳು, ಕುರ್ಚಿ ಹಾಕುವ ಅಟೆಂಡರ್, ಮತ್ತೆ ಪ್ರತಿ ವರ್ಷ ತಪ್ಪದೆ ಬರುವ ಒಬ್ಬರು ನಿವೃತ್ತ ಮೇಷ್ಟ್ರು. ಹಾಜರಿ ಪುಸ್ತಕದಲ್ಲಿ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಜನ) ಆಗಿಲ್ಲ ಅಂತ ಬರೆದು ಸಭೆ ಮುಂದೂಡುತ್ತಿದ್ದೆವು. ಎಲ್ಲಿಗೆ? ಅದೇ ಹಾಲ್, ಅದೇ ದಿನ, ಅರ್ಧ ಗಂಟೆ ನಂತರಕ್ಕೆ. ನಮ್ಮ ಬೈಲಾದಲ್ಲಿ ಹಾಗೇ ಇತ್ತು, ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ. ಆ ಅರ್ಧ ಗಂಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತ್, ಕಾಫಿ. ಆಮೇಲೆ ಹೋದ ಸಭೆಯ ನಡಾವಳಿ ಓದುವುದು, ಲೆಕ್ಕಪತ್ರ ಮಂಡಿಸುವುದು, ಆಡಿಟರ್ ನೇಮಕ, ಚುನಾವಣೆ ವರ್ಷವಾದರೆ ಚುನಾವಣೆ. ಚುನಾವಣೆ ಅಂದರೆ "ಅವರೇ ಮುಂದುವರಿಯಲಿ" ಅಂತ ಒಬ್ಬರು ಹೇಳುವುದು, ಉಳಿದವರು ಚಪ್ಪಾಳೆ ತಟ್ಟುವುದು.

ಅಂಥ ಸಭೆಗೆ ನೀವು ಹತ್ತು ಜನ ಗೆಳೆಯರು ಸದಸ್ಯತ್ವ ಮಾಡಿಸಿಕೊಂಡು ಬಂದು ಕೂತಿರಿ ಅಂದುಕೊಳ್ಳಿ. ಆ ವರ್ಷದ ಬಜೆಟ್ ನೀವು ಹೇಳಿದಂತೆ ಆಗುತ್ತದೆ. ಉತ್ಪ್ರೇಕ್ಷೆ ಅಲ್ಲ.

ಒಂದು ಮಾತ್ರ ನೋಡಿಕೊಳ್ಳಿ. ಕೆಲವು ಬೈಲಾಗಳಲ್ಲಿ ಅಧ್ಯಕ್ಷ ಸ್ಥಾನವೇ ಪ್ರಾಂಶುಪಾಲರಿಗೆ, ಕಾರ್ಯದರ್ಶಿ ಒಬ್ಬರು ಅಧ್ಯಾಪಕರು ಅಂತ ಬರೆದಿರುತ್ತಾರೆ. ವಿಶ್ವವಿದ್ಯಾನಿಲಯದ ಮಟ್ಟದಲ್ಲಾದರೆ ಕುಲಪತಿಗಳು ಪೋಷಕರಾಗಿ ಇರುವುದು ರೂಢಿ. ಇನ್ನು ಕೆಲವು ಕಡೆ ಎಲ್ಲ ಹುದ್ದೆಯೂ ಹಳೆ ವಿದ್ಯಾರ್ಥಿಗಳಿಗೇ, ಕಾಲೇಜಿನವರು ಬರೀ ಗೌರವಾಧ್ಯಕ್ಷರು. ಎರಡನೆಯ ಥರದ ಸಂಘದಲ್ಲಿ ಕೆಲಸ ಮಾಡಲು ಜಾಗ ಜಾಸ್ತಿ ಇರುತ್ತದೆ.

ಕೋಲಾರಮ್ಮನ ಊರು:
ನನ್ನದು ಬೇರೆ ತಕರಾರು. ನಾನು ಓದಿದ್ದು ಕೋಲಾರದಲ್ಲಿ, ಡಿಗ್ರಿ 2003ರದ್ದು. ಸರ್ಟಿಫಿಕೇಟಿನಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಅಂತ ಇದೆ. ಈಗ ನಮ್ಮ ಕಾಲೇಜು ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ನಾನು ಯಾರ ಹಳೆ ವಿದ್ಯಾರ್ಥಿ? ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಕ್ಯಾಂಪಸ್ಸಿಗೆ ನಾನು ಕಾಲಿಟ್ಟಿದ್ದು ಸರ್ಟಿಫಿಕೇಟ್ ತರಲು ಮಾತ್ರ.

ಕ್ಯಾತ್ಸಂದ್ರ ಮೇಡಂ:
ಇದು ನಮ್ಮ ಮೂರೂ ಜಿಲ್ಲೆಯವರ ಸಮಸ್ಯೆ. ಬೆಂಗಳೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1964ರಲ್ಲಿ. ಅದಕ್ಕೂ ಮೊದಲು ಓದಿದ ಹಿರಿಯರ ಡಿಗ್ರಿ ಮೈಸೂರು ವಿಶ್ವವಿದ್ಯಾನಿಲಯದ್ದು, ಅದು 1916ರದ್ದು. ತುಮಕೂರು ಪ್ರತ್ಯೇಕ ಆಗಿದ್ದು 2004ರಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳು ಬೆಂಗಳೂರು ಉತ್ತರಕ್ಕೆ ಹೋಗಿದ್ದು 2017ರಲ್ಲಿ, ಅದರ ಕೇಂದ್ರ ಕಚೇರಿ ಕೋಲಾರದ ಟಮಕದಲ್ಲಿದೆ. ಎಂಜಿನಿಯರಿಂಗ್‌ನವರಾದರೆ 1998ರಿಂದ ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ). ಒಂದೇ ಮನೆಯಲ್ಲಿ ಅಜ್ಜ, ಅಪ್ಪ, ಮಗಳು ಒಂದೇ ಕಾಲೇಜಿನಲ್ಲಿ ಓದಿ, ಮೂವರ ಸರ್ಟಿಫಿಕೇಟಿನ ಮೇಲೂ ಬೇರೆ ಬೇರೆ ವಿಶ್ವವಿದ್ಯಾನಿಲಯದ ಮುದ್ರೆ ಇರಬಹುದು.

ಸಂಘದ ವಿಷಯಕ್ಕೆ ಬಂದರೆ, ಕಾಲೇಜಿನ ಸಂಘಕ್ಕೆ ನೀವು ಅಲ್ಲಿ ಓದಿದ್ದು ಮುಖ್ಯ. ಯಾವ ಮುದ್ರೆ ಅಂತ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ವಿಶ್ವವಿದ್ಯಾನಿಲಯದ ಸಂಘಕ್ಕೆ ಮಾತ್ರ ಡಿಗ್ರಿ ಯಾರು ಕೊಟ್ಟರು ಅನ್ನೋದು ಮುಖ್ಯ. ಅದರಲ್ಲೂ ಬೈಲಾ ನೋಡಬೇಕು. ಕೆಲವು ಸಂಘಗಳು ಕ್ಯಾಂಪಸ್ಸಿನ ಸ್ನಾತಕೋತ್ತರ ವಿಭಾಗ, ವಿಶ್ವವಿದ್ಯಾನಿಲಯವೇ ನಡೆಸುವ ಘಟಕ ಕಾಲೇಜುಗಳವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಕೆಲವು, ಬೇರೆಯವರು ನಡೆಸುವ, ಡಿಗ್ರಿ ಮಾತ್ರ ವಿಶ್ವವಿದ್ಯಾನಿಲಯ ಕೊಡುವ ಸಂಯೋಜಿತ ಕಾಲೇಜುಗಳವರನ್ನೂ ಸೇರಿಸಿಕೊಳ್ಳುತ್ತವೆ. ಶಿರಾ ಗೇಟ್ ಅವರು ಇದನ್ನೇ ಮೊದಲು ಕೇಳಿಕೊಳ್ಳಬೇಕು. ಎರಡಕ್ಕೂ ಸೇರಬಾರದು ಅಂತೇನಿಲ್ಲ.

ನನ್ನನ್ನು ಕೇಳಿದರೆ ಕಾಲೇಜಿನದ್ದೇ ಮೊದಲು. ನಿಮಗೆ ಪಾಠ ಮಾಡಿದವರು, ನೀವು ಕೂತ ಬೆಂಚು ಇರುವುದು ಅಲ್ಲೇ. ಕೊಟ್ಟ ಸಾವಿರ ರೂಪಾಯಿ ಕಣ್ಣಿಗೆ ಕಾಣುವುದೂ ಅಲ್ಲೇ.

ನಂದಿ ತಪ್ಪಲು:
ಚಿಕ್ಕಬಳ್ಳಾಪುರದಿಂದ ಒಂದು ಪ್ರಶ್ನೆ. 2023ರಲ್ಲಿ ಬಿ.ಎಸ್ಸಿ. ಮುಗಿಸಿದೆ. ಸೇರಲು ಏನೇನು ದಾಖಲೆ ಬೇಕು? ನನ್ನ ಘಟಿಕೋತ್ಸವದ ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿಲ್ಲ. ಮತ್ತೆ ನಮ್ಮ ಹತ್ತಿರ ಕೊನೆಯ ವರ್ಷದ ಫೀಸ್ ಜೊತೆಗೇ "ಹಳೆ ವಿದ್ಯಾರ್ಥಿಗಳ ಸಂಘ" ಅಂತ ಒಂದಿಷ್ಟು ತಗೊಂಡಿದ್ದರು. ಹಾಗಾದರೆ ಮತ್ತೆ ಕಟ್ಟಬೇಕಾ?

ಅಮಾನಿಕೆರೆ ದಂಡೆ:
ದಾಖಲೆ ದೊಡ್ಡದೇನಲ್ಲ ತಮ್ಮಾ. ಅರ್ಜಿ, ಫೋಟೋ, ಗುರುತಿನ ಚೀಟಿಯ ಪ್ರತಿ, ಡಿಗ್ರಿ ಸರ್ಟಿಫಿಕೇಟ್ ಅಥವಾ ಕೊನೆಯ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್. ಡಿಜಿಲಾಕರ್‌ನಲ್ಲಿ ನಿನ್ನ ಮಾರ್ಕ್ಸ್ ಕಾರ್ಡ್ ಇದ್ದರೆ ಅದರ ಪ್ರಿಂಟ್ ಸಾಕು. ಏನೂ ಸಿಗದ ಹಳಬರಿಗೆ ನಾವು ಕಾಲೇಜಿನ ದಾಖಲಾತಿ ರಿಜಿಸ್ಟರ್ ನೋಡಿ ಸೇರಿಸಿಕೊಂಡಿದ್ದೇವೆ. ರಿಜಿಸ್ಟರ್ ನಂಬರ್ ನೆನಪಿದ್ದರೆ ಕೆಲಸ ಬೇಗ ಆಗುತ್ತದೆ.

ಆ ಫೀಸಿನ ವಿಷಯ ಕಾಲೇಜಿನ ಕಚೇರಿಯಲ್ಲಿ ಕೇಳು. ಕೆಲವು ಕಡೆ ಆ ದುಡ್ಡು ನೇರ ಸಂಘದ ಖಾತೆಗೆ ಹೋಗಿ, ಪಾಸಾದ ಕೂಡಲೇ ಸದಸ್ಯತ್ವ ಕೊಡುತ್ತಾರೆ. ಕೆಲವು ಕಡೆ ಅದು ಕಾಲೇಜಿನ ಲೆಕ್ಕದಲ್ಲೇ ಉಳಿದಿರುತ್ತದೆ, ಸಂಘದವರಿಗೆ ಸುದ್ದಿಯೇ ಇರುವುದಿಲ್ಲ. ಫೀಸ್ ರಸೀದಿ ಇಟ್ಟುಕೊಂಡಿದ್ದರೆ ಕೈಯಲ್ಲಿ ಹಿಡಿದುಕೊಂಡು ಹೋಗು. ಕಟ್ಟಿದ್ದನ್ನು ಸದಸ್ಯತ್ವಕ್ಕೆ ಹೊಂದಿಸಿಕೊಳ್ಳಿ ಅಂತ ಒಂದು ಅರ್ಜಿ ಬರೆದುಕೊಡು. ಬಾಯಿಮಾತಲ್ಲಿ ಬೇಡ.

ಮಧುಗಿರಿ ಬೆಟ್ಟ:
ಆಜೀವ ಸದಸ್ಯತ್ವದ ದುಡ್ಡು ಒಂದೇ ಸಲ ತಗೊಂಡರೆ ಮುಂದೆ ಸಂಘ ನಡೆಯುವುದು ಹೇಗೆ? ಖರ್ಚು ಮಾಡಿ ಕೂತರೆ ಕಥೆ ಮುಗಿಯಿತಲ್ಲ?

ಅಮಾನಿಕೆರೆ ದಂಡೆ:
ಒಳ್ಳೆ ಪ್ರಶ್ನೆ. ಇದನ್ನು ಕೇಳುವವರೇ ಕಮ್ಮಿ.

ಆಜೀವ ಶುಲ್ಕ ಮೂಲನಿಧಿಗೆ ಹೋಗಬೇಕು. ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿ ಮಾತ್ರ ಖರ್ಚು ಮಾಡಬೇಕು. ಲೆಕ್ಕ ಹಾಕಿ ನೋಡಿ. ಸಾವಿರ ರೂಪಾಯಿಯಂತೆ 300 ಜನ ಕಟ್ಟಿದರೆ ಮೂರು ಲಕ್ಷ. ಶೇಕಡಾ 7 ಬಡ್ಡಿ ಅಂದುಕೊಂಡರೂ ವರ್ಷಕ್ಕೆ 21,000. ಅದರಲ್ಲಿ ಆಡಿಟರ್ ಫೀಸ್, ನೋಟಿಸ್, ಅಂಚೆ, ಸಭೆಯ ಊಟ ಕಳೆದರೆ ಒಂದಿಬ್ಬರು ಮಕ್ಕಳ ಪರೀಕ್ಷಾ ಶುಲ್ಕಕ್ಕೆ ಆಗುವಷ್ಟು ಉಳಿಯುತ್ತದೆ. ಹಾಗಾಗಿ ದೊಡ್ಡ ಕೆಲಸಗಳೆಲ್ಲ ನಡೆಯೋದು ದೇಣಿಗೆಯಿಂದ. ಆಡಿಟ್ ವರದಿ ಸಿಕ್ಕರೆ ಮೊದಲು ಮೂಲನಿಧಿಯ ಸಾಲು ನೋಡಿ. ಸದಸ್ಯರ ಸಂಖ್ಯೆ ಏರುತ್ತಾ ಮೂಲನಿಧಿ ಇಳಿಯುತ್ತಾ ಇದ್ದರೆ ಯಾರೋ ಅಸಲಿಗೆ ಕೈಹಾಕಿದ್ದಾರೆ ಅಂತ ಅರ್ಥ.

ದತ್ತಿ ಬಹುಮಾನವೂ ಹೀಗೇ. ಅಪ್ಪ ಅಮ್ಮನ ಹೆಸರಲ್ಲಿ ಒಂದು ಲಕ್ಷ ಇಟ್ಟರೆ, ಅದೇ ಬಡ್ಡಿಯಲ್ಲಿ ವರ್ಷಕ್ಕೆ 7,000. ಗಣಿತದಲ್ಲಿ ಮೊದಲು ಬಂದವರಿಗೆ ಕೊಡಿ, ಹಾಸ್ಟೆಲ್‌ನ ಹೆಣ್ಣುಮಕ್ಕಳಿಗೆ ಕೊಡಿ ಅಂತ ಷರತ್ತು ಬರೆದು ಕೊಡಬಹುದು. ಬಹಳ ಹಿಂದೆ ಕೆಲವರು 5,000 ಇಟ್ಟು ಚಿನ್ನದ ಪದಕ ಕೊಡಿ ಅಂತ ಬರೆದಿದ್ದಾರೆ. ಆ ಬಡ್ಡಿಯಲ್ಲಿ ಈಗ ಪದಕದ ಡಬ್ಬಿ ಬರುತ್ತದೆ. ಷರತ್ತು ಬರೆಯುವಾಗ ಸ್ವಲ್ಪ ಸಡಿಲ ಇಡಿ, ಮುಂದಿನವರಿಗೆ ಅನುಕೂಲ.

ಗುಬ್ಬಿಯಿಂದ ದೂರ:
ನಾನು ಹೊರದೇಶದಲ್ಲಿದ್ದೇನೆ. ನಮ್ಮ ವಿಭಾಗಕ್ಕೆ ಒಂದಿಷ್ಟು ಕಳಿಸೋಣ ಅಂದರೆ ಸಂಘದವರು "ವಿದೇಶದ ದುಡ್ಡು ಬೇಡ, ತೊಂದರೆ" ಅಂದುಬಿಟ್ಟರು. ಕೊಡುತ್ತೇನೆ ಅಂದರೂ ಬೇಡವಾ?

ಮಧುಗಿರಿ ಬೆಟ್ಟ:
ನಾನು ಆಡಿಟ್ ಕಚೇರಿಯಲ್ಲಿ ಕೆಲಸ ಮಾಡುವವನು, ಇದಕ್ಕೆ ನಾನೇ ಹೇಳುತ್ತೇನೆ. ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನೋದರ ಮೇಲೆ ನಿಂತಿದೆ. ಭಾರತದ ಪೌರತ್ವ ಉಳಿಸಿಕೊಂಡು ಅಲ್ಲಿ ಕೆಲಸ ಮಾಡುತ್ತಿದ್ದರೆ, ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ಕೊಡಿ, ಸಂಘದವರ ಭಯ ಹೋಗುತ್ತದೆ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆಯೇ. ಆಗ ಸಂಘ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಮುಂಗಡ ಅನುಮತಿ ಪಡೆದಿರಬೇಕು. ಆ ಹಣಕ್ಕೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಬೇರೆಯೇ ಖಾತೆ ತೆರೆದಿರಬೇಕು. ಜಿಲ್ಲಾ ಮಟ್ಟದ ಸಣ್ಣ ಸಂಘ ಇದಕ್ಕೆಲ್ಲ ಕೈಹಾಕುವುದು ಕಷ್ಟ. "ಬೇಡ" ಅಂದಿದ್ದು ಸೊಕ್ಕಿನಿಂದ ಇರಲಿಕ್ಕಿಲ್ಲ.

ತೆರಿಗೆ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಸದಸ್ಯತ್ವ ಶುಲ್ಕಕ್ಕೆ ರಿಯಾಯಿತಿ ಕೇಳಬೇಡಿ, ಅದು ದೇಣಿಗೆ ಅಲ್ಲ. ದೇಣಿಗೆಗೆ ಸಿಗುವುದು ಸಂಘ 80ಜಿ ಮಾನ್ಯತೆ ಪಡೆದಿದ್ದರೆ ಮಾತ್ರ, ಅದೂ ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ. ಸಾಮಾನ್ಯವಾಗಿ ಕೊಟ್ಟದ್ದರ ಅರ್ಧದಷ್ಟು, ಮಿತಿಯೊಳಗೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಏನೂ ಸಿಗುವುದಿಲ್ಲ.

ಶಿರಾ ಗೇಟ್:
ಇಷ್ಟೊಂದು ಇದೆ ಅಂತ ಗೊತ್ತೇ ಇರಲಿಲ್ಲ. ಮೆಸೇಜಿನ ಮೂಲ ಹುಡುಕಿದೆ, ನಮ್ಮ ಜೂನಿಯರ್ ಒಬ್ಬ ಸಮಿತಿಯಲ್ಲಿದ್ದಾನಂತೆ. ಬೈಲಾ ಕೇಳಿದ್ದೇನೆ, ಸ್ಕ್ಯಾನ್ ಮಾಡಿ ಕಳಿಸುತ್ತೇನೆ ಅಂದಿದ್ದಾನೆ. ಇನ್ನೊಂದು: ಹೋದ ತಿಂಗಳು ಮನೆಗೆ ಯಾರೋ ಬಂದು ಡಿಗ್ರಿ ಸರ್ಟಿಫಿಕೇಟ್ ಜೆರಾಕ್ಸ್ ತಗೊಂಡು ಸಹಿ ಹಾಕಿಸಿಕೊಂಡು ಹೋದರು. "ಪದವೀಧರರ ನೋಂದಣಿ" ಅಂದರು. ಅದೂ ಇದೇನಾ?

ತಟ್ಟೆ ಇಡ್ಲಿ:
ಹ್ಹಹ್ಹ, ಅದು ಎಲೆಕ್ಷನ್ ಗುರು! ವಿಧಾನ ಪರಿಷತ್ತಿನ ಆಗ್ನೇಯ ಪದವೀಧರರ ಕ್ಷೇತ್ರ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ದಾವಣಗೆರೆ ಎಲ್ಲ ಸೇರಿ ಒಂದು ಕ್ಷೇತ್ರ. ಅವರು ತುಂಬಿಸಿದ್ದು ಫಾರಂ 18. ಡಿಗ್ರಿ ಆಗಿ ಮೂರು ವರ್ಷ ಆಗಿದ್ದವರಿಗೆ ಅದರಲ್ಲಿ ವೋಟು. ಸಂಘಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಒಳ್ಳೇದೇ ಆಯ್ತು ಬಿಡು, ಪಟ್ಟಿಯಲ್ಲಿ ಹೆಸರು ಬಂದಿದೆಯಾ ಅಂತ ನೋಡಿಕೋ.

ಕ್ಯಾತ್ಸಂದ್ರ ಮೇಡಂ:
ಇನ್ನೊಂದು ಗೊಂದಲವೂ ಇದೆ. ಮಾರ್ಕ್ಸ್ ಕಾರ್ಡ್ ಕಳೆದಿದೆ, ಹೊರದೇಶಕ್ಕೆ ಟ್ರಾನ್ಸ್‌ಕ್ರಿಪ್ಟ್ ಬೇಕು ಅಂತ ಜನ ಸಂಘಕ್ಕೆ ಫೋನ್ ಮಾಡುತ್ತಾರೆ. ಅದು ವಿಶ್ವವಿದ್ಯಾನಿಲಯದ ಕೆಲಸ. ಅಲ್ಲಿ ಇಬ್ಬರು ಕುಲಸಚಿವರು (ರಿಜಿಸ್ಟ್ರಾರ್) ಇರುತ್ತಾರೆ, ನಿಮಗೆ ಬೇಕಾದವರು ಮೌಲ್ಯಮಾಪನದ ಕುಲಸಚಿವರು. ಸಂಘದವರು ದಾರಿ ತೋರಿಸಬಹುದು, ಅಷ್ಟೇ.

ಸಂಘದಿಂದ ನಿಜವಾಗಿ ಆಗುವ ಕೆಲಸ ಬೇರೆ ಥರದ್ದು. ನಮ್ಮಲ್ಲಿ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಮಕ್ಕಳೇ ಜಾಸ್ತಿ. ಎಷ್ಟೋ ಮನೆಗಳಲ್ಲಿ ಡಿಗ್ರಿ ಓದಿದ ಮೊದಲನೆಯವರು ಅವರೇ. ಕೆಲಸಕ್ಕೆ ಅರ್ಜಿ ಹೇಗೆ ಬರೆಯಬೇಕು, ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ ಅಂತ ಹೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಇದೇ ಬೆಂಚಿನಲ್ಲಿ ಕೂತು ಹೋದವರೊಬ್ಬರು ಬಂದು ಎರಡು ಗಂಟೆ ಮಾತಾಡಿದರೆ, ಅವರ ಫೋನ್ ನಂಬರ್ ಬರೆದುಕೊಳ್ಳಲು ಮಕ್ಕಳು ಮುಗಿಬೀಳುತ್ತಾರೆ. ಅದಕ್ಕೆ ರಸೀದಿ ಬೇಡ, ಆಡಿಟ್ ಬೇಡ. ಪಾವಗಡದವರೇ, ನೀವು ಯಾವ ಕೆಲಸದಲ್ಲಿದ್ದೀರಿ?

ಪಾವಗಡ ಬಿಸಿಲು:
ಸೋಲಾರ್ ಪ್ಲಾಂಟ್‌ನಲ್ಲಿ ಮೇಂಟೆನೆನ್ಸ್ ಮೇಡಂ. ಹುಡುಗರು ಬೇಕು ಅಂತ ನಮ್ಮವರು ಕೇಳುತ್ತಲೇ ಇರುತ್ತಾರೆ.

ಕ್ಯಾತ್ಸಂದ್ರ ಮೇಡಂ:
ಮತ್ತಿನ್ನೇನು ಬೇಕು? ನಮ್ಮ ಭೌತಶಾಸ್ತ್ರದ ಮಕ್ಕಳಿಗೆ ಒಂದು ದಿನ ಬನ್ನಿ. ಟೈ ಬೇಡ. ಇಲ್ಲೇ ನನಗೆ ಖಾಸಗಿಯಾಗಿ ಬರೆಯಿರಿ, ದಿನ ಗೊತ್ತು ಮಾಡೋಣ.

ಪಾವಗಡ ಬಿಸಿಲು:
ಬರುತ್ತೇನೆ. ತಿಂಡಿ ಇರಬೇಕು ಮಾತ್ರ.

ಕೋಲಾರಮ್ಮನ ಊರು:
ಕೊನೆಗೆ ಒಂದು ಸಣ್ಣ ಪ್ರಶ್ನೆ ಸರ್. ಮದುವೆಯಾದ ಮೇಲೆ ನನ್ನ ಹೆಸರಿನ ಇನಿಷಿಯಲ್ ಬದಲಾಗಿದೆ. ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು. ಅರ್ಜಿಯಲ್ಲಿ ಯಾವುದು ಬರೆಯಲಿ?

ಅಮಾನಿಕೆರೆ ದಂಡೆ:
ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆಯೇ ಬರೆಯಿರಿ ಅಮ್ಮಾ, ಈಗಿನ ಹೆಸರನ್ನು ಪಕ್ಕದಲ್ಲಿ ಹಾಕಿ. ನಿಮ್ಮ ಕ್ಲಾಸಿನವರು ನಿಮ್ಮನ್ನು ಹುಡುಕುವುದು ಆ ಹೆಸರಿನಲ್ಲೇ. ವಿಳಾಸ ಮಾತ್ರ ಈಗಿನದ್ದು ಕೊಡಿ, ಬದಲಾದರೆ ತಿಳಿಸಿ. ನಮ್ಮ ರಿಜಿಸ್ಟರ್‌ನಲ್ಲಿ ಹಳೆ ಕಾಲದವರ ವಿಳಾಸ "ಕೇರಾಫ್ ಇಂಥವರ ಕಿರಾಣಿ ಅಂಗಡಿ, ಮಂಡಿಪೇಟೆ" ಅಂತೆಲ್ಲ ಇತ್ತು. ಪ್ರತಿ ವರ್ಷ ಸಭೆಯ ನೋಟಿಸ್ ಕಳಿಸುವುದು, "ಈ ವಿಳಾಸದಲ್ಲಿ ಇಲ್ಲ" ಅಂತ ಬರೆಸಿಕೊಂಡು ಒಂದು ಕಟ್ಟು ವಾಪಸ್ ಬರುವುದು. ಫೋನ್ ನಂಬರಿನ ಜೊತೆ ಇಮೇಲ್ ಕೂಡ ಬರೆಯಿರಿ. ಅರ್ಜಿ ಕೊಟ್ಟ ಮೇಲೆ ತಿಂಗಳೊಳಗೆ ರಸೀದಿಯೂ ಸದಸ್ಯತ್ವ ಸಂಖ್ಯೆಯೂ ಬರದಿದ್ದರೆ ಕಾರ್ಯದರ್ಶಿಗೆ ಫೋನ್ ಮಾಡಿ ನೆನಪಿಸಿ. ಬೇಜಾರು ಮಾಡಿಕೊಳ್ಳುವುದಿಲ್ಲ. ಅವರೂ ಬೇರೆ ಕೆಲಸ ಮುಗಿಸಿ ರಾತ್ರಿ ಕೂತು ಇದನ್ನು ಬರೆಯುವವರೇ.